ಮಾಡು ತೊಳೆದ ನೀರೂ ತೋಟದ ಗಿಡಗಳೂ

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಹಂಚಿನ ಮಾಡಿನ ಮೇಲೆ ಪಾಚಿ ಕಟ್ಟುವುದು ನೂತನವಾದ ಸಂಗತಿಯಲ್ಲ. ೧೮೬೫ನೆಯ ಇಸವಿಯಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ ಸೋಗೆಯ ಮಾಡುಗಳೂ ಹುಲ್ಲಿನ ಮಾಡುಗಳೂ ಕ್ರಮಕ್ರಮವಾಗಿ ಹೋಗಿ ಹಂಚು ಬಂದಿತು. ಹಂಚಾದರೋ ಸುಟ್ಟ ಮಣ್ಣು. ಸ್ವಲ್ಪಮಟ್ಟಿಗೆ ನೀರನ್ನು ಹೀರುವ ವಸ್ತು. ಆಗುಂಬೆಯಂತಹ ಸ್ಥಳದಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವಾಗ, ಹಲಸು ಮಾವುಗಳ ನೆರಳು ಬೀಳುವ ಪಾರ್ಶ್ವದಲ್ಲಿ ಹಂಚು ಮಳೆಗಾಲ ಮುಗಿಯುವವರೆಗೂ ಒಣಗುವುದೇ ಇಲ್ಲ. ಪಾಚಿಯು ಅಲ್ಲಿ ಬೆಳೆಯದೆ ಮತ್ತೆಲ್ಲಿ ಬೆಳೆಯಬೇಕು?

ಹಿಂದಿನವರು ಬೇಸಗೆಯಲ್ಲಿ ಒಡೆದ ಹಂಚನ್ನು ಬದಲಿಸಲು ಮಾಡು ಹತ್ತಿದಾಗ ಒಣಗಿದ ಪಾಚಿಯನ್ನು ಪೊರಕೆಯಿಂದಲೂ ತೆಂಗಿನ ಸಿಪ್ಪೆಯಿಂದಲೂ ಉಜ್ಜಿ ಕೆಳಕ್ಕೆ ದೂಡುತ್ತಿದ್ದರು. ಈಚಿನ ವರ್ಷಗಳಲ್ಲಿ ಈ ಶ್ರಮವನ್ನು ಬೇಡವೆಂದು ಬಿಟ್ಟು, ಬ್ಲೀಚಿಂಗ್ ಪುಡಿಯನ್ನೋ, ಡಬ್ಬಗಳಲ್ಲಿ ಬರುವ ಹೈಪೋಕ್ಲೋರೈಟ್ ದ್ರವವನ್ನೋ, ಕೆಲವೆಡೆ ಅಡಿಕೆಯ ಕೊಳೆರೋಗಕ್ಕೆಂದು ತಂದು ಮಿಕ್ಕ ಮೈಲುತುತ್ತವನ್ನೋ ನೀರಿನಲ್ಲಿ ಕಲಸಿ ಮಾಡಿನ ಮೇಲೆ ಎರಚುವ ಪದ್ಧತಿಯು ಹಬ್ಬುತ್ತಿರುವುದು. ಅರ್ಧ ದಿನದಲ್ಲಿ ಮಾಡು ಕೆಂಪಗೆ ಹೊಸದರಂತೆ ಕಾಣುವುದೇನೋ ನಿಜ. ಆದರೆ ಎರಚಿದ ನೀರು ಎಲ್ಲಿಗೆ ಹೋಯಿತೆಂದು ವಿಚಾರಿಸುವವರು ವಿರಳ.

ನಮ್ಮ ಸೀಮೆಯ ಮನೆಗಳ ಸನ್ನಿವೇಶವನ್ನು ವಾಚಕರು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಮನೆಯು ದಿಬ್ಬದ ಮೇಲೆ, ಅದರ ಸೂರಿನ ಕೆಳಗೆ ತುಳಸಿ, ಮಲ್ಲಿಗೆ, ನಾಲ್ಕಾರು ವೀಳ್ಯದ ಬಳ್ಳಿ, ಅಂಗಳದಾಚೆ ಬಾವಿ, ಅದರಿಂದ ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ತೋಟದ ಬಸಿಗಾಲುವೆಯು ಮುಂದೆ ನೆರೆಯವನ ತೋಟಕ್ಕೋ ಗದ್ದೆಗೋ ಊರ ಕೆರೆಗೋ ಸೇರುವುದು. ಮಾಡಿನ ಮೇಲೆ ಹಾಕಿದ ಯಾವ ವಸ್ತುವೇ ಆಗಲಿ ಈ ದಾರಿಯನ್ನೇ ಹಿಡಿಯಬೇಕಲ್ಲದೆ ಅದಕ್ಕೆ ಬೇರೆ ದಾರಿಯಿಲ್ಲ. ನೂರೈವತ್ತು ಚದರ ಮೀಟರು ವಿಸ್ತೀರ್ಣದ ಸಾಮಾನ್ಯ ಮಾಡಿನಿಂದ ಕೇವಲ ಹತ್ತು ಮಿಲಿಮೀಟರು ಮಳೆಗೆ ೧೫೦೦ ಲೀಟರು ನೀರು ಇಳಿಯುವುದು. ಆದಕಾರಣ ಮಾಡನ್ನು ಮನೆಯ ಭಾಗವೆಂದು ಮಾತ್ರ ಎಣಿಸದೆ, ತೋಟದ ಅತ್ಯಂತ ಮೇಲಿನ ತಾಕು ಎಂದೇ ಭಾವಿಸುವುದು ಯುಕ್ತವೆಂದು ನನ್ನ ಅಭಿಪ್ರಾಯ. ಗದ್ದೆಯ ಮೇಲಿನ ತಾಕಿಗೆ ಏನು ಹಾಕಬೇಕೆಂದು ಹತ್ತು ಬಾರಿ ಆಲೋಚಿಸುವ ಜಮೀನ್ದಾರರು ಈ ತಾಕಿನ ವಿಷಯವನ್ನು ಬಣ್ಣದ ಗುತ್ತಿಗೆದಾರನಿಗೆ ಬಿಟ್ಟುಕೊಡುವುದು ಆಶ್ಚರ್ಯಕರವಾಗಿದೆ.

"ಬ್ಲೀಚಿಂಗ್ ಪುಡಿಯನ್ನು ಕುಡಿಯುವ ನೀರಿನ ಬಾವಿಗೇ ಹಾಕುತ್ತಾರಲ್ಲ, ಅದರಿಂದ ಗಿಡಕ್ಕೇನು ಕೇಡು?" ಎಂದು ಅನೇಕರು ಕೇಳುವರು. ಇದಕ್ಕೆ ಉತ್ತರವು ಪ್ರಮಾಣದಲ್ಲಿದೆ. ಬಾವಿಯ ಶುದ್ಧೀಕರಣಕ್ಕೆ ಸಾವಿರ ಲೀಟರು ನೀರಿಗೆ ಸುಮಾರು ಎರಡೂವರೆ ಗ್ರಾಮು ಒಳ್ಳೆಯ ಪುಡಿ ಸಾಕು. ಮಾಡು ತೊಳೆಯುವವನು ಹತ್ತು ಲೀಟರಿನ ಬಕೆಟ್ಟಿಗೆ ಒಂದು ಕಿಲೋ ಪುಡಿಯನ್ನು ಸುರಿದರೆ, ಅದು ಬಾವಿಯ ನೀರಿಗಿಂತ ನಲವತ್ತು ಸಾವಿರ ಪಾಲು ತೀಕ್ಷ್ಣವಾಗುವುದು. ಅಂತಹ ನೀರು ಎಲೆಯ ಮೇಲೆ ಬಿದ್ದೊಡನೆಯೇ ಹಸಿರನ್ನು ಸುಟ್ಟು ಬಿಳುಪಾಗಿಸುವುದು. ಎಳೆಯ ಕುಡಿಗಳು ಮೊದಲು ಕರಗುವುವು.

ಕ್ಲೋರಿನಿನ ತೀಕ್ಷ್ಣತೆಯು ಬಿಸಿಲಿನಿಂದಲೂ ಮಣ್ಣಿನ ಸಂಪರ್ಕದಿಂದಲೂ ಬೇಗನೆ ನಶಿಸುವುದೆಂಬುದು ಸತ್ಯವೇ. ಆದರೆ ನಶಿಸಿದ ಮೇಲೆ ಉಳಿಯುವುದು ಉಪ್ಪು. ನೂರಕ್ಕೆ ಹತ್ತು ಪಾಲು ಶಕ್ತಿಯುಳ್ಳ ಹೈಪೋಕ್ಲೋರೈಟ್ ದ್ರವದ ಇಪ್ಪತ್ತು ಲೀಟರಿನ ಡಬ್ಬವೊಂದು ಕೊನೆಗೆ ಸುಮಾರು ಮೂರು ಕಿಲೋ ಅಡಿಗೆ ಉಪ್ಪನ್ನು ಮಣ್ಣಿಗೆ ಸೇರಿಸುವುದೆಂದು ಲೆಕ್ಕ. ಇಷ್ಟು ಉಪ್ಪು ಸೂರಿನ ಕೆಳಗಿನ ಒಂದು ಗೇಣು ಅಗಲದ ಪಟ್ಟಿಯಲ್ಲಿಯೇ ಸುರಿಯುವುದರಿಂದ ಬೇರು ನೀರನ್ನು ಹೀರಲಾರದು. ಅದರೊಳಗಿನ ಸೋಡಿಯಮ್ಮು ಜೇಡಿಮಣ್ಣಿನ ಕಣಗಳನ್ನು ಬಿಡಿಸಿ ನೆಲವನ್ನು ಗಟ್ಟಿಗಟ್ಟಿಸುವುದು. ತೆಂಗು ಇದನ್ನು ಸಹಿಸಿಕೊಳ್ಳುವುದು. ನಮ್ಮ ಹಿರಿಯರು ತೆಂಗಿನ ಬುಡಕ್ಕೆ ಉಪ್ಪು ಹಾಕುತ್ತಿದ್ದುದು ಅಜ್ಞಾನದಿಂದಲ್ಲ. ಅಂಗಳದ ಗರಿಕೆಯೂ ಸ್ವಲ್ಪ ತಾಳಿಕೊಳ್ಳುವುದು. ಆದರೆ ಹುರುಳಿಕಾಯಿ ಉಪ್ಪನ್ನು ಸಹಿಸದು. ಬೇರು ಮೇಲ್ಮಣ್ಣಿನಲ್ಲಿಯೇ ಹರಡುವ ವೀಳ್ಯದೆಲೆ, ಕಾಳುಮೆಣಸುಗಳಿಗೂ ಇದರ ಪೆಟ್ಟು ಬೇಗ ತಗಲುವುದು.

ಮೈಲುತುತ್ತದ ವಿಷಯವು ಇದಕ್ಕಿಂತ ಕಠಿಣವಾದುದು. ಡಾಕ್ಟರ್ ಕೋಲ್ಮನ್ ಅವರು ೧೯೦೮ರಲ್ಲಿ ಮೈಸೂರಿಗೆ ಬಂದು ಕೊಳೆರೋಗವನ್ನು ಪರಿಶೋಧಿಸಿ ಬೋರ್ಡೋ ದ್ರಾವಣವನ್ನು ಪ್ರಚಾರಪಡಿಸಿದಂದಿನಿಂದ ಅಡಿಕೆ ತೋಟಗಾರರಿಗೆ ಇದು ಚಿರಪರಿಚಿತ. ಆದರೆ ದ್ರಾವಣದಲ್ಲಿ ಒಂದು ಕಿಲೋ ತುತ್ತಕ್ಕೆ ಒಂದು ಕಿಲೋ ಸುಣ್ಣವನ್ನು ಸೇರಿಸಿ ನೂರು ಲೀಟರು ಮಾಡುವೆವು. ಕಬ್ಬಿಣದ ಚಾಕುವನ್ನು ಅದ್ದಿ ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣವನ್ನು ಹಾಕುವೆವು. ಇದೇಕೆ? ಸುಣ್ಣದಿಂದ ಶಮನವಾಗದ ತುತ್ತವು ಎಲೆಯನ್ನೂ ಕಾಯನ್ನೂ ಸುಡುವುದರಿಂದ. ಮಾಡಿಗೆ ಎರಚುವವರು ಈ ಸುಣ್ಣವನ್ನು ಬಿಟ್ಟುಬಿಡುವರು. ಅಲ್ಲದೆ ತಾಮ್ರವು ಕೊಳೆತು ನಾಶವಾಗುವ ವಸ್ತುವಲ್ಲ. ಅದು ಮೇಲ್ಮಣ್ಣಿಗೆ ಅಂಟಿಕೊಂಡು ತಲೆಮಾರುಗಳವರೆಗೆ ಉಳಿಯುವುದು, ನಮ್ಮ ಜಂಬಿಟ್ಟಿಗೆ ನೆಲದಂತಹ ಹುಳಿಮಣ್ಣಿನಲ್ಲಿ ಬೇರಿಗೆ ಹೆಚ್ಚು ಬಾಧಕವಾಗುವುದು. ಅನೇಕ ವರ್ಷಗಳ ಸಿಂಪಡಣೆಯಿಂದ ಹಳೆಯ ತೋಟಗಳಲ್ಲಿ ತಾಮ್ರವು ಮೊದಲೇ ಸಂಗ್ರಹವಾಗಿರುವಾಗ, ಬೆಳೆಗೆ ಯಾವ ಪ್ರಯೋಜನವೂ ಇಲ್ಲದ ಈ ಹೊಸ ಭಾರವನ್ನು ಹೊರಿಸುವುದು ಸರ್ವಥಾ ಸಲ್ಲದು. ಕೆರೆಯ ಮೀನಿಗೆ ಅತ್ಯಲ್ಪ ತಾಮ್ರವೂ ವಿಷವೇ. ಸೂರಿನ ತಗಡಿನ ದೋಣಿಯೂ ಇದರಿಂದ ತೂತು ಬೀಳುವುದು.

ಈ ಹಾನಿಯನ್ನು ರೋಗವೆಂದು ಭ್ರಮಿಸುವುದು ಸಾಮಾನ್ಯ. ನನ್ನ ಸಂಚಾರದಲ್ಲಿ ಒಂದು ಮನೆಯ ಯಜಮಾನರು ವೀಳ್ಯದ ಬಳ್ಳಿಗಳಿಗೆ ಕೊಳೆರೋಗ ಬಂದಿದೆಯೆಂದು ತೋರಿಸಿ ಔಷಧವನ್ನು ಕೇಳಿದರು. ನೋಡಿದರೆ, ಒಣಗಿದ ಬಳ್ಳಿಗಳು ಸೂರಿನ ನೇರಕ್ಕೆ ನೂಲು ಹಿಡಿದಂತೆ ಒಂದೇ ಸಾಲಿನಲ್ಲಿದ್ದುವು. ಎರಡು ಮೊಳ ಆಚೆಯ ಬಳ್ಳಿಗಳು ಹಸುರಾಗಿದ್ದುವು. ಮಾಡು ತೊಳೆದು ಹತ್ತು ದಿನವಾಗಿತ್ತು. ರೋಗವು ಮಡುಗಟ್ಟಿದಂತೆ ಒಂದೆಡೆ ಹುಟ್ಟಿ ಹರಡುವುದಲ್ಲದೆ ಹಂಚಿನ ಅಂಚನ್ನು ಅನುಸರಿಸುವುದಿಲ್ಲ. ಅಂತಹ ಬಳ್ಳಿಗೆ ಮತ್ತೆ ತಾಮ್ರದ ಔಷಧವನ್ನು ಹೊಡೆದರೆ ಸುಟ್ಟ ಗಾಯಕ್ಕೆ ಬರೆ ಹಾಕಿದಂತಾಗುವುದು.

ಮಾಡಿಗೆ ಪಾಚಿಯಿಂದ ಏನು ಕೇಡೆಂಬುದನ್ನೂ ವಿಚಾರಿಸಬೇಕು. ಹಂಚು ಕಪ್ಪಾಗುವುದು ಕಣ್ಣಿಗೆ ಮಾತ್ರ ದೋಷ. ಅದರಿಂದ ಹಂಚು ಕೆಡುವುದಿಲ್ಲ. ಮೆತ್ತೆಯಂತೆ ಬೆಳೆದ ಹಾವಸೆಯು ಹಂಚುಗಳ ಸಂದಿನಲ್ಲಿ ನೀರನ್ನು ತಡೆದು ಸೋರಿಕೆಯನ್ನು ಉಂಟುಮಾಡುವುದು, ಅದನ್ನು ತೆಗೆಯಲೇಬೇಕು. ಇದಕ್ಕೆ ಔಷಧಿ ಬೇಡ. ಮಾಘ ಫಾಲ್ಗುಣಗಳಲ್ಲಿ ಹಾವಸೆಯು ಒಣಗಿ ಹಂಚನ್ನು ಬಿಟ್ಟಿರುವಾಗ ಗಡುಸಾದ ಪೊರಕೆಯಿಂದ ಮೇಲಿನಿಂದ ಕೆಳಕ್ಕೆ ಗುಡಿಸಿದರೆ ಸುಲಭವಾಗಿ ಬರುವುದು. ಬಿದ್ದುದನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಕಡಿದು ಬಿಸಿಲು ಬರುವಂತೆ ಮಾಡಿದರೆ ಮುಂದಿನ ವರ್ಷದ ಪಾಚಿಯೂ ಕಡಿಮೆಯಾಗುವುದು. ಕಲ್ನಾರಿನ ಶೀಟಿನ ಮಾಡನ್ನು ಮಾತ್ರ ಒಣಗಿದ್ದಾಗ ಉಜ್ಜಲೇಬಾರದು. ಅದರ ಧೂಳು ಶ್ವಾಸಕೋಶಕ್ಕೆ ಅತಿ ಅಪಾಯಕರ.

ಇಷ್ಟಾದರೂ ಔಷಧಿಯನ್ನೇ ಬಳಸುವೆನೆಂಬವರು, ನೀರು ಇಳಿಯುವ ದಾರಿಯನ್ನು ಮೊದಲು ಸಿದ್ಧಪಡಿಸಿ ಆಮೇಲೆ ಏಣಿ ಹಾಕತಕ್ಕದ್ದು. ಮಳೆನೀರಿನ ತೊಟ್ಟಿಗೂ ಬಾವಿಗೂ ಹೋಗುವ ಕೊಳವೆಯನ್ನು ಬಿಡಿಸಿಡಬೇಕು. ಸೂರಿನ ದೋಣಿಯ ನೀರನ್ನು ಬಾವಿಯಿಂದ ದೂರವಾದ ಬರಡು ಜಾಗಕ್ಕೆ ತಿರುಗಿಸಬೇಕು. ಜಂಬಿಟ್ಟಿಗೆ ನೆಲದಲ್ಲಿ ನೀರು ರಂಧ್ರಗಳ ಮೂಲಕ ಬೇಗನೆ ಬಾವಿಗೆ ಇಳಿಯುವುದೆಂಬುದನ್ನು ಮರೆಯಬಾರದು. ಅನಂತರ ಸೂರಿನ ಕೆಳಗಿನ ಗಿಡಗಳಿಗೂ ನೆಲಕ್ಕೂ ಸಾದಾ ನೀರನ್ನು ತುಂಬ ಹನಿಸಬೇಕು. ನೀರು ಕುಡಿದು ತಣಿದ ನೆಲವು ಮತ್ತೆ ಬಿದ್ದ ತೀಕ್ಷ್ಣ ದ್ರವವನ್ನು ಅಷ್ಟಾಗಿ ಹೀರದು. ಒದ್ದೆ ಎಲೆಯ ಮೇಲೆ ಬಿದ್ದುದು ತೆಳುವಾಗಿ ಜಾರುವುದು. ಕೆಲಸ ನಡೆಯುವಷ್ಟು ಹೊತ್ತು ಟಾರ್ಪಾಲನ್ನು ಹೊದಿಸಬಹುದು, ಆದರೆ ಬಿಸಿಲಿನಲ್ಲಿ ಬಿಟ್ಟರೆ ಗಿಡವು ಒಳಗೇ ಬೆಂದುಹೋಗುವುದು. ಕೆಲಸ ಮುಗಿದ ಕೂಡಲೇ ಹೊದಿಕೆ ತೆಗೆದು ಮತ್ತೊಮ್ಮೆ ಎಲೆಗಳನ್ನು ತೊಳೆಯಬೇಕು.

ಇದನ್ನು ಗಾಳಿಯಿಲ್ಲದ ಬೆಳಗಿನಲ್ಲಿ ಮಾಡತಕ್ಕದ್ದು. "ರೋಹಿಣಿ ಮಳೆ ಬರುವ ಮುನ್ನಾದಿನ ಹಾಕಿದರೆ ಮಳೆಯೇ ತೊಳೆಯುವುದು" ಎಂಬ ಜಾಣತನವೊಂದು ಕೆಲವೆಡೆ ಪ್ರಚಾರದಲ್ಲಿದೆ. ಮಳೆಯು ತೊಳೆಯುವುದೇನೋ ನಿಜ, ಆದರೆ ಇಡೀ ಮಾಡಿನ ಉಪ್ಪನ್ನೂ ತಾಮ್ರವನ್ನೂ ಒಂದೇ ಗಳಿಗೆಯಲ್ಲಿ ತೋಟಕ್ಕೆ ಸುರಿಯುವುದು.

ಈಗಾಗಲೇ ಹಾನಿಯಾಗಿದ್ದರೆ ಗಿಡವನ್ನು ಕೂಡಲೇ ಕೀಳಬಾರದು. ನೀರು ಬಸಿದುಹೋಗುವ ನೆಲವಾದರೆ ಬುಡಕ್ಕೆ ಧಾರಾಳವಾಗಿ ನೀರು ಹಾಯಿಸಿ ಉಪ್ಪನ್ನು ಕೆಳಕ್ಕೆ ಇಳಿಸಬೇಕು. ಗಟ್ಟಿಗಟ್ಟಿದ ಜೇಡಿಯಾದರೆ ಜಿಪ್ಸಮ್ಮನ್ನೂ ಕೊಟ್ಟಿಗೆ ಗೊಬ್ಬರವನ್ನೂ ಸೇರಿಸಬೇಕು. ಹೊಸ ಚಿಗುರು ಬರುವವರೆಗೆ ರಾಸಾಯನಿಕ ಗೊಬ್ಬರವನ್ನು ಕೊಡಬಾರದು, ಅದೂ ಒಂದು ಉಪ್ಪೇ. ತಾಮ್ರವು ಬಿದ್ದಿದ್ದರೆ ನೀರಿನಿಂದ ಹೋಗದು. ಸುಣ್ಣದಿಂದ ಮಣ್ಣಿನ ಹುಳಿಯನ್ನು ತಗ್ಗಿಸಿ ಅದರ ಬಾಧೆಯನ್ನು ಅಡಗಿಸಬಹುದು, ಅಷ್ಟೇ.

ಊರ ಮುಖಂಡರಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಅರಿಕೆಮಾಡುವೆನು. ದಿಬ್ಬದ ಮೇಲಿನ ದೊಡ್ಡ ಮನೆಯ ಮಾಡು ಶುಭ್ರವಾದಾಗ ಕೆಳಗಿನ ಎರಡು ಗುಂಟೆಯ ಬಡ ಹಿಡುವಳಿದಾರನ ಎಲೆಬಳ್ಳಿಯು ಒಣಗಿದರೆ ಅವನು ಬಂದು ದೂರುವುದಿಲ್ಲ. ಮೇಲಿನವರ ದಾಕ್ಷಿಣ್ಯವೂ ಭಯವೂ ಅವನಿಗುಂಟು. ವೀಳ್ಯದೆಲೆಯ ಕಂತೆಯೇ ಅವನ ವಾರದ ಸಂತೆಯ ಹಣ. ಆದುದರಿಂದ ದೂರು ಬರಲಿಲ್ಲವೆಂದು ಹಾನಿಯಾಗಲಿಲ್ಲವೆಂದು ತಿಳಿಯಬಾರದು. ಮಾಡಿನ ಕೆಲಸಕ್ಕೆ ಎರಡು ದಿನ ಮುಂಚೆ ಕೆಳಗಿನ ತೋಟದವರಿಗೂ ಅದೇ ಹಳ್ಳದ ನೀರನ್ನು ದನಗಳಿಗೆ ಕುಡಿಸುವವರಿಗೂ ತಿಳಿಸುವ ಪದ್ಧತಿಯನ್ನು ಗ್ರಾಮ ಪಂಚಾಯತಿಯಲ್ಲಿ ಮಾತನಾಡಿ ಏರ್ಪಡಿಸುವುದು ಕಷ್ಟವಲ್ಲ. ಗುತ್ತಿಗೆದಾರನೊಡನೆ ಕೂಲಿಯನ್ನು ನಿಷ್ಕರ್ಷಿಸುವಾಗಲೇ ಯಾವ ವಸ್ತು, ಎಷ್ಟು, ನೀರು ಎಲ್ಲಿಗೆ ಎಂಬುದನ್ನು ಬರೆಯಿಸಿಕೊಳ್ಳಬೇಕು. ಕಲೆ ಹೋಗಲಿಲ್ಲವೆಂದು ಬ್ಲೀಚಿಂಗ್ ಪುಡಿಯ ಮೇಲೆ ಆಮ್ಲವನ್ನು ಸುರಿಯಲು ಅವನಿಗೆ ಎಂದಿಗೂ ಅವಕಾಶ ಕೊಡಬಾರದು; ಅದರಿಂದ ಏಳುವ ಕ್ಲೋರಿನ್ ವಾಯುವು ಗಿಡಕ್ಕಿಂತ ಮೊದಲು ಮಾಡಿನ ಮೇಲಿರುವ ಆಳಿನ ಉಸಿರನ್ನೇ ಕಟ್ಟಿಸುವುದು.