ಸಂವಿಧಾನ ದಿನದಲ್ಲಿ ಬಿ.ಎನ್. ರಾಯರ ಹೆಸರೂ ಇರಲಿ



ಸಂವಿಧಾನ ದಿನ ಬಂದರೆ ನಮ್ಮ ದೊಡ್ಡಬಳ್ಳಾಪುರದ ಕಡೆ ಶಾಲಾ ಮಕ್ಕಳು ಪೀಠಿಕೆ ಓದುತ್ತಾರೆ, ಭಾಷಣಗಳಾಗುತ್ತವೆ. ಸಂತೋಷವೇ. ಆದರೆ ಅಲ್ಲಿ ಬೆನಗಲ್ ನರಸಿಂಗ ರಾಯರ ಹೆಸರು ಕೇಳಿದ ನೆನಪು ನನಗಿಲ್ಲ.

1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಈ ಐಸಿಎಸ್ ಅಧಿಕಾರಿ 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. ಆ ಕೆಲಸಕ್ಕೆ ಸಂಬಳ ಪಡೆಯಲಿಲ್ಲ. ಕರಡು ಸಮಿತಿ ಪರಿಶೀಲನೆಗೆ ಎತ್ತಿಕೊಂಡದ್ದು 1947ರ ಅಕ್ಟೋಬರಿನಲ್ಲಿ ಇವರು ಸಿದ್ಧಪಡಿಸಿಕೊಟ್ಟ ಮೊದಲ ಕರಡನ್ನು. ಅದೇ ವರ್ಷ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್‌ಗಳಿಗೆ ಹೋಗಿ ಅಲ್ಲಿನ ನ್ಯಾಯಮೂರ್ತಿಗಳು, ತಜ್ಞರೊಡನೆ ಚರ್ಚಿಸಿ ಬಂದರು. ಬರ್ಮಾದ ಸಂವಿಧಾನ ರಚನೆಗೂ ನೆರವಾದರು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದಾಗಲೇ, 1953ರಲ್ಲಿ, ತೀರಿಕೊಂಡರು.

ಈ ಹೆಸರೆತ್ತಿದರೆ ಅಂಬೇಡ್ಕರ್ ಅವರನ್ನು ಕಿರಿದು ಮಾಡುವ ಹುನ್ನಾರವೆಂದು ಕೆಲವರಿಗೆ ಅನುಮಾನ. ಹಾಗೆ ಬಳಸಿಕೊಳ್ಳುವವರೂ ಇದ್ದಾರೆನ್ನಿ. ಆದರೆ ತಮಗೆ ಸಲ್ಲುತ್ತಿರುವ ಶ್ರೇಯದಲ್ಲಿ ರಾಯರಿಗೂ ಪಾಲಿದೆಯೆಂದು 1949ರ ನವೆಂಬರ್ 25ರಂದು ಸಭೆಯಲ್ಲೇ ಹೇಳಿದವರು ಸ್ವತಃ ಅಂಬೇಡ್ಕರ್. ಆ ಕರಡನ್ನು ಸಮಿತಿಯಲ್ಲಿ ತಿದ್ದಿ ತೀಡಿ, ಸಭೆಯ ಆಕ್ಷೇಪಗಳಿಗೆ ಉತ್ತರಿಸಿ ದಡ ಮುಟ್ಟಿಸಿದವರೂ ಅವರೇ. ಒಬ್ಬರನ್ನು ನೆನೆಯಲು ಇನ್ನೊಬ್ಬರನ್ನು ಇಳಿಸಬೇಕಾಗಿಲ್ಲ.

ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿರುವ ಜಿಲ್ಲಾಡಳಿತ ಭವನಕ್ಕೆ ನಮ್ಮ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳ ಜನ ಬಂದು ಹೋಗುತ್ತಾರೆ. ಅಲ್ಲಿ ರಾಯರ ಭಾವಚಿತ್ರ, ಜೊತೆಗೊಂದು ಪರಿಚಯ ಫಲಕ ಹಾಕಿಸಬೇಕೆಂದು ಜಿಲ್ಲಾಧಿಕಾರಿಗಳಲ್ಲಿ ವಿನಂತಿ. ಶಿಕ್ಷಣ ಇಲಾಖೆಯೂ ಮುಂದಿನ ನವೆಂಬರ್ 26ರ ಪ್ರಬಂಧ ಸ್ಪರ್ಧೆಗೆ ಕರಡು ಸಿದ್ಧವಾದ ಬಗೆಯನ್ನೇ ವಿಷಯವಾಗಿ ಕೊಡಲಿ. ಇದಕ್ಕೆ ಹೆಚ್ಚಿನ ಅನುದಾನವೇನೂ ಬೇಕಿಲ್ಲ.

– ನಿವೃತ್ತ ಶಿಕ್ಷಕ, ದೊಡ್ಡಬಳ್ಳಾಪುರ