ಮನೇಲಿ ಹಬ್ಬಗಿಬ್ಬ ಇತ್ತಾ ಯಜಮಾನ್ರೇ?

ಹಸು ನಿನ್ನೆಯಿಂದ ಮೆಲುಕು ಹಾಕಿಲ್ಲ. ಮೇವು ಮುಟ್ಟುತ್ತಿಲ್ಲ, ಸಗಣಿ ನೀರಾಗಿದೆ, ನಡೆದರೆ ತೂರಾಡುತ್ತದೆ. ಟೆಂಪೋದಲ್ಲಿ ಅದನ್ನು ಕಾಲೇಜಿನ ಪಶು ಆಸ್ಪತ್ರೆಗೆ ತಂದಿರುವ ರೈತನನ್ನು ವಿದ್ಯಾರ್ಥಿನಿ ಕೇಳುತ್ತಾಳೆ: "ಏನು ತಿನ್ನಿಸಿದ್ರಿ?"

"ಏನೂ ಇಲ್ಲ ಮೇಡಂ, ದಿನಾ ಹಾಕೋ ಹುಲ್ಲೇ."

ಆಕೆ ಹಾಗೆಯೇ ಬರೆದುಕೊಳ್ಳುತ್ತಾಳೆ. ಪಕ್ಕದಲ್ಲಿದ್ದ ಹಿರಿಯ ವೈದ್ಯರು ಹಸುವಿನ ಎಡ ಪಕ್ಕೆಯ ಮೇಲೆ ಮುಷ್ಟಿಯಿಟ್ಟು ಒತ್ತಿ ನೋಡುತ್ತಾರೆ. ಆಮೇಲೆ ಸಾವಕಾಶವಾಗಿ ಕೇಳುತ್ತಾರೆ: "ಮನೇಲಿ ಹಬ್ಬಗಿಬ್ಬ ಏನಾದ್ರೂ ಇತ್ತಾ ಯಜಮಾನ್ರೇ?"

"ಮೊನ್ನೆ ಮಗಳ ನಿಶ್ಚಿತಾರ್ಥ ಇತ್ತು ಸಾರ್."

"ಅನ್ನ ಮಿಕ್ಕಿತ್ತಾ?"

ರೈತ ತಲೆ ತಗ್ಗಿಸುತ್ತಾನೆ. "ಸುಮ್ನೆ ಹಾಳಾಗುತ್ತಲ್ಲ ಅಂತ ಎರಡು ಬಕೆಟ್ ಹಾಕ್ದೆ ಸಾರ್."

ಯಾವುದೇ ಪಶುವೈದ್ಯರನ್ನು ಕೇಳಿದರೂ ಇಂಥದ್ದೊಂದು ಕಥೆ ಸಿಗುತ್ತದೆ. ಅನ್ನ, ಪಾಯಸ, ಹಿಟ್ಟಿನಂಥ ಪಿಷ್ಟದ ಆಹಾರ ಒಮ್ಮೆಲೇ ಹೊಟ್ಟೆ ಸೇರಿದರೆ ಹಸುವಿನ ದೊಡ್ಡ ಹೊಟ್ಟೆಯಾದ ರೂಮೆನ್‌ನಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಅಲ್ಲಿನ ಜೀವಾಣುಗಳ ಲೆಕ್ಕಾಚಾರ ತಪ್ಪುತ್ತದೆ. ಮೈಯ ನೀರು ಹೊಟ್ಟೆಗೆ ಇಳಿದು ಹಸು ಕುಸಿಯುತ್ತದೆ. ಸಕಾಲಕ್ಕೆ ಚಿಕಿತ್ಸೆ ಸಿಗದಿದ್ದರೆ ಸಾಯುತ್ತದೆ. ಆ ವಿದ್ಯಾರ್ಥಿನಿಗೆ ಇದೆಲ್ಲ ಗೊತ್ತು. ಪರೀಕ್ಷೆಯಲ್ಲಿ ಈ ಕಾಯಿಲೆಯ ಬಗ್ಗೆ ಎರಡು ಪುಟ ಬರೆದು ಒಳ್ಳೆಯ ಅಂಕವನ್ನೂ ಪಡೆದಿರುತ್ತಾಳೆ. ಗೊತ್ತಿಲ್ಲದ್ದು ಒಂದೇ: ಹಬ್ಬದ ವಿಷಯ ಕೇಳಬೇಕು ಅನ್ನುವುದು.

ಆಕೆ ಅದನ್ನು ಕಲಿಯದೆ ಇರುವುದು ಸೋಮಾರಿತನದಿಂದಲ್ಲ. ಕಲಿಯುವ ಜಾಗದಲ್ಲಿ ನಿಲ್ಲುವುದಕ್ಕೆ ವೇಳಾಪಟ್ಟಿ ಆಕೆಗೆ ಹೊತ್ತು ಕೊಟ್ಟಿಲ್ಲ.

ಪಶುವೈದ್ಯ ಪದವಿಗೆ ನಮ್ಮ ದೇಶದಲ್ಲಿ ಈಗ ಐದೂವರೆ ವರ್ಷ. ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಎಂಬಿಬಿಎಸ್‌ಗೆ ಹಿಡಿಯುವುದೂ ಇಷ್ಟೇ ಕಾಲ. ಆದರೆ ಎಂಬಿಬಿಎಸ್ ಓದುವವರಿಗೆ ರೋಗಿ ಎಂದರೆ ಮನುಷ್ಯ ಮಾತ್ರ. ಇವರಿಗೆ ಹಸು, ಎಮ್ಮೆ, ಕುರಿ, ಮೇಕೆ, ಕುದುರೆ, ಹಂದಿ, ನಾಯಿ, ಬೆಕ್ಕು, ಕೋಳಿ. ಹಸುವಿಗೆ ಗಬ್ಬದ ಅವಧಿ ಸುಮಾರು 280 ದಿನ, ಎಮ್ಮೆಗೆ 310, ಮೇಕೆಗೆ 150, ನಾಯಿಗೆ 63. ಕುದುರೆಗೆ ಕೊಡುವ ಜೈಲಜಿನ್ ಎಂಬ ಮತ್ತಿನ ಮದ್ದು ಹಸುವಿಗೆ ಅದರ ಹತ್ತನೇ ಒಂದು ಪಾಲು ಸಾಕು. ಮನುಷ್ಯರ ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಬೆಳಗಾಗುವ ಮೊದಲೇ ಫಾರಂಗೆ ಹೋಗಿ ಹಾಲು ಕರೆಯುವುದನ್ನು ನೋಡಬೇಕು. ಆಮೇಲೆ ತರಗತಿ, ಮಧ್ಯಾಹ್ನ ಪ್ರಾಕ್ಟಿಕಲ್, ಸಂಜೆ ರೆಕಾರ್ಡ್ ಪುಸ್ತಕ. ಈ ನಡುವೆ ಇಂಟರ್ನಲ್ ಪರೀಕ್ಷೆ, ಹಾಜರಿಯ ಲೆಕ್ಕ, ವೈವಾ.

ಇಷ್ಟು ಒತ್ತಡದಲ್ಲಿ ವಿದ್ಯಾರ್ಥಿ ಏನನ್ನು ಬಿಡುತ್ತಾನೆ? ಅಂಕ ಇರುವುದನ್ನು ಬಿಡುವುದಿಲ್ಲ, ಸಹಿ ಬೀಳಬೇಕಾದ ಪುಸ್ತಕವನ್ನೂ ಬಿಡುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ರೈತನ ಜೊತೆ ಹತ್ತು ನಿಮಿಷ ಸುಮ್ಮನೆ ಮಾತಾಡುತ್ತ ನಿಲ್ಲುವುದನ್ನು ಬಿಡುತ್ತಾನೆ. ಅದಕ್ಕೆ ಯಾವ ಕಾಲಂ ಕೂಡ ಇಲ್ಲವಲ್ಲ. ಕೇಸ್ ಶೀಟಿನಲ್ಲಿ 'ಹಿಸ್ಟರಿ' ಎಂಬ ಒಂದು ಸಾಲಿದೆ. ಅದನ್ನು ಹಿಂದಿನ ಹಾಳೆ ನೋಡಿಕೊಂಡೇ ತುಂಬಿಸಬಹುದು.

ಮನುಷ್ಯರ ವೈದ್ಯಕ್ಕಿಂತ ಇಲ್ಲಿ ಈ ನಷ್ಟ ದೊಡ್ಡದು. ರೋಗಿಗೆ ಬಾಯಿ ಇಲ್ಲ. ಅದರ ಪರವಾಗಿ ಮಾತಾಡುವುದು ಮಾಲೀಕ. ಅವನು ಮಾತಾಡುವುದು ಅವನ ಭಾಷೆಯಲ್ಲಿ.

ಪಶುವೈದ್ಯ ಕಾಲೇಜುಗಳಲ್ಲಿ 15 ಶೇಕಡಾ ಸೀಟು ಅಖಿಲ ಭಾರತ ಕೋಟಾದ್ದು. ಹಾಗಾಗಿ ಹಾಸನದ ಹುಡುಗಿ ಮುಂಬೈಯ ಪರೇಲಿನಲ್ಲಿ 1886ರಷ್ಟು ಹಿಂದೆ ಶುರುವಾದ ಕಾಲೇಜಿಗೆ ಹೋಗಬಹುದು. ಕಲಬುರಗಿಯ ಹುಡುಗ ಚೆನ್ನೈಯ ವೇಪೇರಿಯ, 1903ರ ಕಾಲೇಜಿಗೆ ಸೇರಬಹುದು. ಕೇರಳದವರು, ರಾಜಸ್ಥಾನದವರು ಹೆಬ್ಬಾಳಕ್ಕೂ ಬೀದರಿಗೂ ಬರಬಹುದು. ಇದು ಒಳ್ಳೆಯ ಏರ್ಪಾಟೇ. ಆದರೆ ಹೊರಗಿನಿಂದ ಬಂದವರಿಗೆ ಊರಿನ ಭಾಷೆ ಕಲಿಸುವ ಹೊಣೆ ಯಾರದು? ಪಾಠ ಇಂಗ್ಲಿಷಿನಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ, ಹಾಸ್ಟೆಲ್ಲಿನಲ್ಲಿ ಹಿಂದಿಯೋ ಇಂಗ್ಲಿಷೋ ನಡೆಯುತ್ತದೆ. ಮುಂಬೈ, ಚೆನ್ನೈಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಪರಭಾಷೆಯ ಊರಿನಲ್ಲಿ ತರಕಾರಿ ಕೊಳ್ಳುವಷ್ಟು ಮಾತು ಎರಡು ತಿಂಗಳಲ್ಲಿ ಬರುತ್ತದೆ. ಒಬ್ಬರ ಕಷ್ಟ ಕೇಳಿಸಿಕೊಳ್ಳುವಷ್ಟು ಬರುವುದಕ್ಕೆ ವರ್ಷಗಳು ಬೇಕು.

ಕನ್ನಡವನ್ನೇ ನೋಡಿ. ಕರು ಹಾಕಿದ ಹಸುವಿನ ಬಗ್ಗೆ ರೈತ "ಕಸ ಬಿದ್ದಿಲ್ಲ" ಅನ್ನುತ್ತಾನೆ. ಹೊರಗಿನವನಿಗೆ ಕಸ ಎಂದರೆ ಗುಡಿಸಿ ಎಸೆಯುವಂಥದ್ದು, ರೈತ ಹೇಳುತ್ತಿರುವುದು ಮಾಸಿನ ಮಾತು. "ಕಂದು ಹಾಕಿದೆ" ಅಂದರೆ ಬಣ್ಣದ ಮಾತಲ್ಲ, ಗರ್ಭಪಾತ. ಅದು ಐದಾರು ತಿಂಗಳು ತುಂಬಿದ ಮೇಲೆ ಆಗಿದ್ದರೆ ಬ್ರುಸೆಲ್ಲಾ ರೋಗವಿರಬಹುದೆಂದು ಅನುಮಾನಿಸಬೇಕು, ಕೈಗವಸಿಲ್ಲದೆ ಮುಟ್ಟಬಾರದು, ಯಾಕೆಂದರೆ ಆ ರೋಗ ಮನುಷ್ಯರಿಗೂ ಅಂಟುತ್ತದೆ. ಬೆಂಗಳೂರಿನ ಕನ್ನಡ ಕಲಿತವನಿಗೂ ಬೀದರಿನ ರೈತನ ಮಾತು ತಟ್ಟನೆ ಹಿಡಿಯುವುದಿಲ್ಲ. ಹೀಗಿರುವಾಗ ನಗರದಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೂ ಈ ಶಬ್ದಗಳು ಹೊಸವೇ.

ಇದು ಬರೀ ಭಾಷಾಭಿಮಾನದ ಪ್ರಶ್ನೆಯಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಜೊಲ್ಲು ಸುರಿಸುತ್ತ, ನುಂಗಲಾರದೆ ನಿಂತ ಹಸುವೊಂದು ಬರುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಮನೆಯವರ ನಂಬಿಕೆ. ಆಲೂಗಡ್ಡೆಯೋ ಮಾವಿನ ಓಟೆಯೋ ಸಿಕ್ಕಿಕೊಳ್ಳುವುದು ಉಂಟು, ಬಾಯಿಗೆ ಕೈ ಹಾಕಿ ನೋಡುವ ಮನಸ್ಸೂ ಆಗುತ್ತದೆ. ಆದರೆ ಹುಚ್ಚುನಾಯಿ ರೋಗ ಹತ್ತಿದ ಹಸುವೂ ಹೀಗೆಯೇ ಕಾಣುತ್ತದೆ. "ತಿಂಗಳ ಹಿಂದೆ ಕೊಟ್ಟಿಗೆಗೆ ನಾಯಿ ನುಗ್ಗಿತ್ತಾ? ಕೂಗಿನ ದನಿ ಬದಲಾಗಿದೆಯಾ?" ಎಂದು ಮೊದಲು ಕೇಳಬೇಕು. ಉತ್ತರ ಹೌದಾದರೆ ಕೈ ಹಿಂದೆ ಬರಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಹಸುವೂ ಉಳಿಯುವುದಿಲ್ಲ, ಮನುಷ್ಯನೂ ಉಳಿಯುವುದಿಲ್ಲವೆಂದೇ ಹೇಳಬೇಕು. ವಿದ್ಯಾರ್ಥಿ ಮೊದಲೇ ಲಸಿಕೆ ಹಾಕಿಸಿಕೊಂಡಿರಬಹುದು. ಹಿಂದಿನ ದಿನ ಅದೇ ಬಾಯಿಗೆ ಕೈ ಹಾಕಿ ಬೆಲ್ಲ ತಿನ್ನಿಸಿದ ರೈತನ ಹೆಂಡತಿ ಹಾಕಿಸಿಕೊಂಡಿರುವುದಿಲ್ಲ. ಆಕೆಯನ್ನು ಅವತ್ತೇ ಆಸ್ಪತ್ರೆಗೆ ಕಳಿಸುವುದೂ ಆ ಒಂದು ಪ್ರಶ್ನೆಯಿಂದಲೇ ಆಗಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ, ಈಗಾಗಲೇ ತುಂಬಿ ತುಳುಕುವ ವೇಳಾಪಟ್ಟಿಗೆ ಇನ್ನೊಂದು ವಿಷಯ ತುರುಕಬೇಕೇ ಅನ್ನುವುದು. ಬೇಡ. ತುರುಕುವುದಲ್ಲ, ತೆಗೆಯುವುದು ಬೇಕು. ಪಠ್ಯದ ಚಿತ್ರವನ್ನು ರೆಕಾರ್ಡ್ ಪುಸ್ತಕಕ್ಕೆ ಎರಡನೇ ಸಲ ನಕಲು ಮಾಡುವ ಸಂಜೆಗಳು ಎಷ್ಟಿವೆ ಎಂದು ಪ್ರತಿ ವಿಭಾಗವೂ ಎಣಿಸಿ ನೋಡಲಿ. ಅದರಲ್ಲಿ ವಾರಕ್ಕೆ ಒಂದು ಸಂಜೆ ಬಿಟ್ಟುಕೊಟ್ಟರೆ ಸಾಕು.

ಎರಡನೆಯದು, ಇಂಟರ್ನ್‌ಶಿಪ್ ಇರುವುದು ಇದಕ್ಕೇ ಅಲ್ಲವೇ ಎಂಬ ಮಾತು. ಇದರಲ್ಲಿ ಸ್ವಲ್ಪ ನಿಜವಿದೆ. ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಒಂದೆರಡು ತಿಂಗಳು ಕಳೆದವರು ಬಹಳ ಕಲಿತು ಬರುತ್ತಾರೆ. ಆದರೆ ನಾಲ್ಕೂವರೆ ವರ್ಷ ಉತ್ತರಗಳನ್ನೇ ಕಂಠಪಾಠ ಮಾಡಿದವರಿಗೆ ಪ್ರಶ್ನೆ ಕೇಳುವ ಅಭ್ಯಾಸ ಕೊನೆಯ ವರ್ಷದಲ್ಲಿ ಸುಲಭವಾಗಿ ಹತ್ತುವುದಿಲ್ಲ. ಜೊತೆಗೆ ಆ ವರ್ಷವೇ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ತಯಾರಿಯೂ ಶುರುವಾಗಿರುತ್ತದೆ.

ಬೇಕಾದದ್ದು ದೊಡ್ಡ ಸುಧಾರಣೆಯೇನಲ್ಲ. ಮೊದಲ ವರ್ಷದಿಂದಲೇ ವಾರಕ್ಕೆ ಒಂದು ಸಂಜೆ ಪ್ರತಿ ವಿದ್ಯಾರ್ಥಿ ಆಸ್ಪತ್ರೆಯ ಬಾಗಿಲಲ್ಲಿ ಕೂರಲಿ. ಚಿಕಿತ್ಸೆ ಮಾಡುವುದು ಬೇಡ. ಬಂದ ಒಬ್ಬ ಮಾಲೀಕನ ಮಾತನ್ನು ಅವನು ಹೇಳಿದ ಶಬ್ದಗಳಲ್ಲೇ ಬರೆದುಕೊಳ್ಳಲಿ, ಅರ್ಥವಾಗದ್ದನ್ನು ಅಲ್ಲಿನ ಅಟೆಂಡರನ್ನು ಕೇಳಲಿ. ಇಪ್ಪತ್ತು ವರ್ಷ ದನ ಹಿಡಿದು ನಿಲ್ಲಿಸಿದ ಅಟೆಂಡರಿಗಿಂತ ಒಳ್ಳೆಯ ನಿಘಂಟು ಯಾವ ಕಾಲೇಜಿನಲ್ಲೂ ಸಿಗುವುದಿಲ್ಲ. ವರ್ಷದ ಕೊನೆಗೆ ವೈವಾದಲ್ಲಿ ಒಂದು ಕೇಸನ್ನು ಮಾಲೀಕನೊಂದಿಗೆ ಅವನ ಭಾಷೆಯಲ್ಲೇ ಮಾತಾಡಿಸಿ ಅಂಕ ಕೊಡಲಿ. ಅಂಕ ಇದ್ದರೆ ಆ ಸಂಜೆಯನ್ನು ಯಾರೂ ತಪ್ಪಿಸುವುದಿಲ್ಲ.

ನಿಶ್ಚಿತಾರ್ಥದ ಅನ್ನ ತಿಂದ ಹಸುವಿಗೆ ಸೋಡಾ ಬೈಕಾರ್ಬನೇಟ್ ಕೊಟ್ಟು, ರಕ್ತನಾಳಕ್ಕೆ ಡ್ರಿಪ್ ಹಾಕುತ್ತಾರೆ. ಅದು ಎದ್ದು ಮೆಲುಕು ಹಾಕುವುದು ಮರುದಿನವೋ ಅದರ ಮರುದಿನವೋ. ಆ ವಿದ್ಯಾರ್ಥಿನಿ ಅವತ್ತು ಕಲಿತ ಪ್ರಶ್ನೆಯನ್ನು ಇನ್ನು ಮರೆಯುವುದಿಲ್ಲ. ಆದರೆ ಅದನ್ನು ಆಕೆ ಕಲಿತದ್ದು ಆ ಹೊತ್ತಿಗೆ ಹಿರಿಯ ವೈದ್ಯರೊಬ್ಬರು ಪಕ್ಕದಲ್ಲಿದ್ದರು ಎಂಬ ಕಾರಣಕ್ಕೆ. ಐದೂವರೆ ವರ್ಷದ ಓದನ್ನು ಇಂಥ ಅದೃಷ್ಟದ ಮೇಲೆ ಬಿಡಬಾರದು.