ಟ್ಯಾಬ್ ಕೊಟ್ರೆ ಸಾಲದು, ಗ್ರಂಥಪಾಲಕರನ್ನು ಕೊಡಿ



ಮೂಡುಬಿದಿರೆ, ಉಜಿರೆ ಅಂದ್ರೆ ಶಿಕ್ಷಣದ ಊರು ಅಂತ ಹೆಸರು. ಇಲ್ಲಿನ ದೊಡ್ಡ ಖಾಸಗಿ ಸಂಸ್ಥೆಗಳಲ್ಲಿ ಲೈಬ್ರರಿಗೆ ಬೇರೆಯೇ ಕೋಣೆ, ಅದಕ್ಕೆ ಓದಿ ಬಂದ ಗ್ರಂಥಪಾಲಕರು. ವಿಕಿಪೀಡಿಯ ಬಳಸೋದು ಹೇಗೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೇ ಪುಸ್ತಕ ಹುಡುಕೋದು ಹೇಗೆ, ಚಾಟ್‌ಜಿಪಿಟಿ ಹೇಳಿದ್ದನ್ನು ನಂಬಬೇಕಾ ಬೇಡವಾ ಅಂತ ಕೇಳಲಿಕ್ಕೆ ಆ ಮಕ್ಕಳಿಗೆ ಒಬ್ಬರು ಇದ್ದಾರೆ. ಅಲ್ಲಿಂದ ಬಂಟ್ವಾಳ, ಬೆಳ್ತಂಗಡಿಯ ಸರ್ಕಾರಿ ಹೈಸ್ಕೂಲುಗಳ ಕಡೆ ಬನ್ನಿ. ಬಹುಪಾಲು ಕಡೆ ಲೈಬ್ರರಿ ಅಂದ್ರೆ ಒಂದು ಕಪಾಟು, ಅದರ ಕೀ ಕನ್ನಡ ಮಾಷ್ಟ್ರ ಹತ್ತಿರ. ಪಾಪ, ಅವರಿಗೆ ಪಾಠ, ಬಿಸಿಯೂಟದ ಲೆಕ್ಕ, ಚುನಾವಣೆ ಡ್ಯೂಟಿ, ಗಣತಿ ಎಲ್ಲಾ ಉಂಟು.

ಈಗ ದಾನಿಗಳು ಸ್ಮಾರ್ಟ್ ಕ್ಲಾಸ್, ಟ್ಯಾಬ್ ಕೊಡ್ಲಿಕ್ಕೆ ಮುಂದೆ ಬರ್ತಾರೆ. ಬೇಡ ಅಂತ ನಾನು ಹೇಳೋದಿಲ್ಲ. ಅದನ್ನು ಹಿಡ್ಕೊಂಡು ಹುಡುಕಲಿಕ್ಕೆ ಕಲಿಸೋರು ಯಾರು ಮಾರಾಯ್ರೆ? ಅದೊಂದೇ ನನ್ನ ಪ್ರಶ್ನೆ.

ಈ ಪ್ರಶ್ನೆ ನಮ್ಮ ಮಕ್ಕಳಿಗೆ ಯಾಕೆ ಜಾಸ್ತಿ ಮುಖ್ಯ ಅಂತ ಹೇಳ್ತೇನೆ. ಕೊರಗ ಸಮುದಾಯದ ಹುಡುಗಿಯೊಬ್ಬಳು ಶಾಲೆಯ ಪ್ರಾಜೆಕ್ಟಿಗೆ ತನ್ನ ಜನರ ಬಗ್ಗೆ ನೆಟ್‌ನಲ್ಲಿ ಹುಡುಕ್ತಾಳೆ ಅಂತ ಇಟ್ಕೊಳ್ಳಿ. ಪುಕ್ಕಟೆಯಾಗಿ ಕೈಗೆ ಸಿಗೋದರಲ್ಲಿ ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ 7 ಸಂಪುಟಗಳೂ ಇವೆ. ಹಕ್ಕುಸ್ವಾಮ್ಯ ಮುಗಿದಿದೆ, ಅದಕ್ಕೇ ಎಲ್ಲಾ ಕಡೆ ಸಿಗ್ತದೆ. ಥರ್ಸ್ಟನ್ ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥ. ಜನರನ್ನು ನಿಲ್ಲಿಸಿ ಮೂಗು, ತಲೆ ಅಳತೆ ಮಾಡಿದವ. ಎಐ ಕೂಡ ಇಂಥದ್ದನ್ನೇ ಓದಿ ಕಲಸಿ, ಯಾರು ಹೇಳಿದ್ದು ಅಂತ ಹೇಳದೆ ನಯವಾಗಿ ಬಡಿಸ್ತದೆ.

ಆದ್ರೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಿ 2000ನೇ ಇಸವಿಯಲ್ಲಿ ಕಾಯ್ದೆ ಬಂತಲ್ಲ, ಅದಕ್ಕಾಗಿ ಕೊರಗರು ಎತ್ತಿದ ದನಿ, ಹಂಚಿದ ಕರಪತ್ರ ಆ ಹುಡುಗಿಗೆ ಎಲ್ಲಿ ಸಿಗ್ತದೆ? ಕೊರಗಜ್ಜನ ರೀಲ್ಸ್ ಲೆಕ್ಕವಿಲ್ಲದಷ್ಟು ಉಂಟು. ಕೊರಗರೇ ಬರೆದದ್ದು ಹುಡುಕಿದ್ರೆ ಮಾತ್ರ ಕಷ್ಟ.

ಅಲ್ಲಿ ಒಬ್ಬ ಗ್ರಂಥಪಾಲಕರು ಇದ್ರೆ ಆ ಹುಡುಗಿಗೆ ಮೂರು ಪ್ರಶ್ನೆ ಕೇಳ್ಲಿಕ್ಕೆ ಕಲಿಸ್ತಾರೆ. ಬರೆದದ್ದು ಯಾರು? ಯಾವಾಗ? ಯಾರಿಗೋಸ್ಕರ? ಈ ಮೂರು ಪ್ರಶ್ನೆ ಬಂದ ಮೇಲೆ ಥರ್ಸ್ಟನ್‌ನನ್ನೂ ಓದಬಹುದು, ಚಾಟ್‌ಜಿಪಿಟಿಯನ್ನೂ ಕೇಳಬಹುದು. ಅವು ಇಲ್ಲದೆ ಓದಿದ್ರೆ ನಮ್ಮ ಮಗು ನಮ್ಮನ್ನು ಬೈದವರ ಮಾತನ್ನೇ ಕಾಪಿ ಮಾಡಿ ಮಾರ್ಕ್ಸ್ ತಗೊಳ್ತದೆ. ಇದು ಸಣ್ಣ ವಿಷಯ ಅಲ್ಲ.

ಪುಸ್ತಕ ಇದ್ದೂ ಓದಲಿಕ್ಕೆ ಸಿಗದ ಕಥೆ ನಮ್ಮ ಮಣ್ಣಿಗೆ ಹೊಸತಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಹಳಗನ್ನಡ ಲಿಪಿಯ ಧವಲ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ದರ್ಶನಕ್ಕೆ ಇದ್ದವು. ನಕಲು ಮಾಡುವ ಕೆಲಸ ಶುರುವಾದದ್ದು 19ನೇ ಶತಮಾನದ ಕೊನೆಗೆ, ಧವಲದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಉಳಿಸಿಕೊಟ್ಟವರಿಗೆ ಗೌರವ ಇರಲಿ. ಆದ್ರೆ ದರ್ಶನ ಬೇರೆ, ಓದು ಬೇರೆ. ಹಾಳಾದೀತು ಅಂತ ಹೆಡ್‌ಮಾಷ್ಟ್ರ ಅಲ್ಮೇರಾದಲ್ಲಿ ಬೀಗ ಹಾಕಿಟ್ಟ ಟ್ಯಾಬ್ ಕೂಡ ದರ್ಶನಕ್ಕೇ ಸರಿ.

ಬಾಬಾಸಾಹೇಬರ ಬದುಕನ್ನೇ ನೋಡಿ. ಮುಂಬೈನ ಚರ್ನಿ ರೋಡ್ ಉದ್ಯಾನದಲ್ಲಿ ಕೂತು ಓದ್ತಿದ್ದ ಹುಡುಗನನ್ನು ಗಮನಿಸಿ, ಪುಸ್ತಕ ಕೊಟ್ಟು ಓದಿಸಿದವರು ಶಿಕ್ಷಕ ಕೃಷ್ಣರಾವ್ ಅರ್ಜುನ್ ಕೇಳುಸ್ಕರ್. ತಾವು ಬರೆದ ಬುದ್ಧ ಚರಿತ್ರೆಯನ್ನು 1907ರಲ್ಲಿ ಆ ಹುಡುಗನ ಕೈಗಿಟ್ಟರು. ಊರಲ್ಲಿ ಪುಸ್ತಕಕ್ಕೇನು ಬರ ಇರಲಿಲ್ಲ. ಸರಿಯಾದ ಪುಸ್ತಕವನ್ನು ಸರಿಯಾದ ಹುಡುಗನಿಗೆ ತಲುಪಿಸಲು ಒಬ್ಬ ಮನುಷ್ಯ ಬೇಕಿತ್ತು.

ಇವತ್ತು ಬಾಬಾಸಾಹೇಬರ ಜೀವಿತಕಾಲದಲ್ಲಿ ಅಚ್ಚಾದ ಕೃತಿಗಳ ಹಕ್ಕುಸ್ವಾಮ್ಯ ಮುಗಿದಿದೆ. 2017ರ ಜನವರಿಯಿಂದ ಅವು ಎಲ್ಲರ ಆಸ್ತಿ. ಇಂಗ್ಲಿಷ್ ಸಂಪುಟಗಳ ಪಿಡಿಎಫ್ ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲೇ ಉಂಟು. ನಮ್ಮ ಹಾಸ್ಟೆಲಿನ ಎಷ್ಟು ಮಕ್ಕಳಿಗೆ ಇದು ಗೊತ್ತು?

ಹಾಗಾಗಿ ಎರಡು ಬೇಡಿಕೆ, ಒಂದು ಕೆಲಸ.

ಮೊದಲನೇ ಬೇಡಿಕೆ, ಪ್ರತಿ ಸರ್ಕಾರಿ ಹೈಸ್ಕೂಲಿಗೆ ಗ್ರಂಥಪಾಲಕರ ಹುದ್ದೆ. ಅಷ್ಟು ಬೇಗ ಆಗೋದಿಲ್ಲ ಅಂದ್ರೆ ಎರಡು, ಮೂರು ಶಾಲೆಗೆ, ಜೊತೆಗೆ ಹತ್ತಿರದ ಹಾಸ್ಟೆಲಿಗೆ ಸೇರಿಸಿ ಒಬ್ಬರನ್ನಾದರೂ ಕೊಡಲಿ.

ಎರಡನೇದು, ಗ್ರಾಮ ಪಂಚಾಯತ್ ಲೈಬ್ರರಿಗಳು, ಅಂದ್ರೆ ಈಗಿನ ಅರಿವು ಕೇಂದ್ರಗಳು. 2020ರ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು. ಅಲ್ಲಿನ ಮೇಲ್ವಿಚಾರಕರಿಗೆ ಈ ಹೊಸ ಸಾಧನಗಳ ತರಬೇತಿ ಕೊಡಲಿ. ಶಾಲೆ ಬಿಟ್ಟ ಮೇಲೆ ಮಕ್ಕಳು ಹೋಗುವ ಹೊತ್ತಿಗೆ ಬಾಗಿಲು ತೆರೆದಿರಲಿ, ನೆಟ್ ಇರಲಿ. ಕೋವಿಡ್ ಕಾಲದಲ್ಲಿ ಬೆಳ್ತಂಗಡಿಯ ಘಟ್ಟದ ಬುಡದ ಮಕ್ಕಳು ಸಿಗ್ನಲ್‌ಗಾಗಿ ಗುಡ್ಡ ಹತ್ತಿದ್ದು ಮರೆತು ಹೋಯ್ತಾ?

ಕೆಲಸ ನಮ್ಮದು. ತುಳು ವಿಕಿಪೀಡಿಯ ಶುರುವಾದದ್ದು 2016ರಲ್ಲಿ. ಆಳ್ವಾಸ್, ಉಜಿರೆ ಎಸ್‌ಡಿಎಂ ವಿದ್ಯಾರ್ಥಿಗಳು ವಿಕಿಪೀಡಿಯಕ್ಕೆ ಬರೆದಿದ್ದಾರೆ, ಒಳ್ಳೇದೇ. ಕಾನದ ಕಟದರ ಬಗ್ಗೆ, ಮನ್ಸ, ಮೇರ, ಮುಂಡಾಲ, ಕೊರಗರ ಬಗ್ಗೆ ನಾವೇ ಬರೆಯೋದು ಯಾವಾಗ? ವಿಕಿಪೀಡಿಯ ಅಚ್ಚಾದ ಆಧಾರ ಕೇಳ್ತದೆ, ಅಜ್ಜಿಯ ಪಾಡ್ದನವನ್ನು ನೇರವಾಗಿ ಒಪ್ಪೋದಿಲ್ಲ. ಹಾಗಾದ್ರೆ ಪಾಡ್ದನ ರೆಕಾರ್ಡ್ ಮಾಡುವ, ಬರೆದು ಅಚ್ಚು ಹಾಕುವ. ಅಟ್ಟದಲ್ಲಿ ಗೆದ್ದಲು ಹಿಡೀತಿರುವ ಡಿಎಸ್‌ಎಸ್ ಕರಪತ್ರ, ‘ಪಂಚಮ’ದ ಹಳೇ ಸಂಚಿಕೆಗಳನ್ನು, ಹಕ್ಕು ಇರುವವರ ಒಪ್ಪಿಗೆ ಪಡೆದು ಸ್ಕ್ಯಾನ್ ಮಾಡಿ ಏರಿಸುವ. ನಾವು ಹಾಕದಿದ್ರೆ ಅಲ್ಲಿ ಥರ್ಸ್ಟನ್ ಒಬ್ಬನೇ ಮಾತಾಡ್ತಾ ಇರ್ತಾನೆ.

ಈ ಸಲದ ಮಕ್ಕಳ ಗ್ರಾಮಸಭೆಯಲ್ಲಿ ನಿಮ್ಮ ಊರಿನ ಮಗು ಎದ್ದು ನಿಂತು, “ನಮ್ಮ ಶಾಲೆಗೆ ಲೈಬ್ರರಿ ಟೀಚರ್ ಯಾವಾಗ?” ಅಂತ ಕೇಳಲಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಹೊರಗೆ ಬನ್ನಿ.

ಜೈಭೀಮ್.